1791ರ ಅಮೆರಿಕನ್ ಸೈನ್ಯ: ಒಂದೇ ದಂಡಿನಲ್ಲಿ ಮೂರು ಬಗೆಯ ಸಿಪಾಯಿಗಳು ಏಕೆ?

ತುಂಗಾತೀರ (ಚರ್ಚೆ ಆರಂಭಿಸಿದವರು)

1791ರ ನವೆಂಬರ್ 4ರ ಬೆಳಗ್ಗೆ ಈಗಿನ ಒಹಾಯೋ ರಾಜ್ಯದ ವಾಬಾಶ್ ಹೊಳೆಯ ದಡದಲ್ಲಿ ಜನರಲ್ ಆರ್ಥರ್ ಸೇಂಟ್ ಕ್ಲೇರ್ ಅವರ ಸೈನ್ಯ ನಾಶವಾದ ಪ್ರಸಂಗವನ್ನು ಓದುತ್ತಿದ್ದೇನೆ. ಬಿಡಾರದಲ್ಲಿದ್ದ ಸುಮಾರು 1,400 ಸೈನಿಕರಲ್ಲಿ 600ಕ್ಕೂ ಹೆಚ್ಚು ಮಂದಿ ಕೆಲವೇ ಗಂಟೆಗಳಲ್ಲಿ ಹತರಾದರು. ಎದುರಿಗಿದ್ದ ಮಯಾಮಿ, ಶಾನೀ, ಡೆಲವೇರ್ ಮೊದಲಾದ ಮೂಲನಿವಾಸಿ ಜನಾಂಗಗಳ ಒಕ್ಕೂಟದ ಯೋಧರು ಸುಮಾರು ಒಂದು ಸಾವಿರ. ಅವರ ಕಡೆ ಸತ್ತವರು ಕೆಲವು ಹತ್ತರ ಲೆಕ್ಕದಲ್ಲಿ ಮಾತ್ರ.

ನನ್ನ ಗೊಂದಲ ಯುದ್ಧದ ಬಗ್ಗೆ ಅಲ್ಲ, ಸೈನ್ಯದ ರಚನೆಯ ಬಗ್ಗೆ. ಒಂದೇ ದಂಡಿನಲ್ಲಿ ಕಾಯಂ ಸೈನಿಕರು, ಆರು ತಿಂಗಳ ಕರಾರಿನವರು ಮತ್ತು ಕೆಂಟಕಿಯ ಮಿಲಿಷಿಯಾ (ಕರೆ ಬಂದಾಗ ಮಾತ್ರ ಸೇರುವ ನಾಗರಿಕರ ಪಡೆ) ಎಂಬ ಮೂರು ವರ್ಗಗಳು ಇದ್ದವೆಂದು ಓದಿದೆ. ಒಂದು ಸರ್ಕಾರ ತನ್ನ ದಂಡನ್ನು ಹೀಗೆ ಮೂರು ತೇಪೆ ಹಾಕಿ ಹೊಲಿಯಲು ಕಾರಣವೇನು? ಸೋಲಿಗೆ ಮಿಲಿಷಿಯಾದ ಹೇಡಿತನವೇ ಕಾರಣವೆಂಬ ಮಾತು ಎಷ್ಟರ ಮಟ್ಟಿಗೆ ಸರಿ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ದಫ್ತರ

ಈ ಪ್ರಶ್ನೆಗೆ ಉತ್ತರ 1791ರಿಂದ ಅಲ್ಲ, 1784ರಿಂದ ಆರಂಭವಾಗಬೇಕು. ಬ್ರಿಟನ್ ವಿರುದ್ಧದ ಯುದ್ಧ ಮುಗಿದ ಮೇಲೆ ಆ ವರ್ಷದ ಜೂನ್‌ನಲ್ಲಿ ಕಾಂಗ್ರೆಸ್ ಉಳಿದಿದ್ದ ಸೈನ್ಯವನ್ನೂ ವಿಸರ್ಜಿಸಿ, ದಾಸ್ತಾನು ಕಾಯಲು 80 ಮಂದಿಯನ್ನು ಮಾತ್ರ ಉಳಿಸಿಕೊಂಡಿತು: ಫೋರ್ಟ್ ಪಿಟ್‌ನಲ್ಲಿ 25, ವೆಸ್ಟ್ ಪಾಯಿಂಟ್‌ನಲ್ಲಿ 55. ಶಾಂತಿಕಾಲದಲ್ಲಿ ಕಾಯಂ ಸೈನ್ಯವನ್ನು ಇಟ್ಟುಕೊಳ್ಳುವುದೆಂದರೆ ಪ್ರಜೆಗಳ ಸ್ವಾತಂತ್ರ್ಯಕ್ಕೆ ಕುತ್ತು ಎಂಬ ನಂಬಿಕೆ ಆ ತಲೆಮಾರಿನಲ್ಲಿ ಅಷ್ಟು ಗಟ್ಟಿಯಾಗಿತ್ತು. ರಾಜನ ಕೆಂಪಂಗಿ ಸಿಪಾಯಿಗಳು ಬಾಸ್ಟನ್ ನಗರದಲ್ಲಿ ಬೀಡುಬಿಟ್ಟಿದ್ದನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದ ಕಾಲವದು.

ಆದರೆ ಪಶ್ಚಿಮದ ಗಡಿಯನ್ನು 80 ಮಂದಿ ಕಾಯುವಂತಿರಲಿಲ್ಲ. ಮರುದಿನವೇ ಅದೇ ಕಾಂಗ್ರೆಸ್ ಕನೆಕ್ಟಿಕಟ್, ನ್ಯೂಯಾರ್ಕ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ರಾಜ್ಯಗಳು ತಮ್ಮ ಮಿಲಿಷಿಯಾದಿಂದ ಒಂದು ವರ್ಷದ ಮಟ್ಟಿಗೆ 700 ಮಂದಿಯನ್ನು ಒದಗಿಸಬೇಕೆಂದು ಕೇಳಿಕೊಂಡಿತು. ಜೋಸಯ್ಯ ಹಾರ್ಮರ್ ಅದರ ಮುಖ್ಯಸ್ಥರಾದರು. ಮುಂದಿನ ವರ್ಷ ಸೇವಾವಧಿ ಮೂರು ವರ್ಷಕ್ಕೇರಿತು. ಹೆಸರಿಗೆ ಮಿಲಿಷಿಯಾದಿಂದ ಹೆಕ್ಕಿ ತೆಗೆದವರಾಗಿದ್ದರೂ ಅವರು ಹೀಗೆ ಕಾಯಂ ರೆಜಿಮೆಂಟ್ ಆಗಿಬಿಟ್ಟರು.

1790ರ ಅಕ್ಟೋಬರ್‌ನಲ್ಲಿ ಹಾರ್ಮರ್ ಅವರು 320 ಕಾಯಂ ಸೈನಿಕರು ಮತ್ತು 1,133 ಮಿಲಿಷಿಯಾದವರೊಂದಿಗೆ ಮಯಾಮಿ ಜನರ ಕೆಕಿಯೊಂಗಾ ಊರಿನ ಮೇಲೆ ದಂಡೆತ್ತಿ ಹೋಗಿ ಪೆಟ್ಟು ತಿಂದು ಬಂದರು. ಆಗ ಯುದ್ಧ ಕಾರ್ಯದರ್ಶಿಯಾಗಿದ್ದ ಹೆನ್ರಿ ನಾಕ್ಸ್ ಅವರಿಗೆ ಹೆಚ್ಚು ಕಾಯಂ ಸೈನಿಕರು ಬೇಕಾಗಿದ್ದರು. ಕಾಂಗ್ರೆಸ್ಸಿಗೆ ಖರ್ಚೂ ಬೇಡ, ಕಾಯಂ ಸೈನ್ಯವೂ ಬೇಡ. 1791ರ ಮಾರ್ಚ್ 3ರ ಕಾಯಿದೆ ಈ ಎರಡರ ನಡುವಿನ ರಾಜಿ. ಇನ್ನೊಂದು ಕಾಯಂ ರೆಜಿಮೆಂಟ್ ಕಟ್ಟಲು ಅನುಮತಿ ಸಿಕ್ಕಿತು, ಜೊತೆಗೆ ಆರು ತಿಂಗಳ ಮಟ್ಟಿಗೆ 2,000 ಕರಾರಿನ ಸೈನಿಕರನ್ನು ಭರ್ತಿ ಮಾಡಿಕೊಳ್ಳಲು ಅಧ್ಯಕ್ಷರಿಗೆ ಅಧಿಕಾರ ಕೊಡಲಾಯಿತು. ಈ ಕರಾರಿನವರನ್ನು ಆಗ ‘ಲೆವಿ’ ಎಂದು ಕರೆಯುತ್ತಿದ್ದರು. ಅವರು ರಾಜ್ಯಗಳ ಮಿಲಿಷಿಯಾ ಅಲ್ಲ, ಏಕೆಂದರೆ ಅವರ ಅಧಿಕಾರಿಗಳನ್ನು ನೇಮಿಸುವುದು ಒಕ್ಕೂಟ ಸರ್ಕಾರ. ಕಾಯಂ ಸೈನಿಕರೂ ಅಲ್ಲ, ಏಕೆಂದರೆ ಆರು ತಿಂಗಳು ತುಂಬಿದ ದಿನ ಮನೆಗೆ ಹೊರಡುವವರು. ಸಾಲದ್ದಕ್ಕೆ ಮಿಲಿಷಿಯಾವನ್ನೂ ಕರೆಯಬಹುದೆಂಬ ಅವಕಾಶವಿತ್ತು. ಮೂರು ತೇಪೆ ಬಂದದ್ದು ಹೀಗೆ.

ತುಂಗಾತೀರ

ತುಂಬ ಉಪಕಾರವಾಯಿತು. ಈ ಮೂವರಿಗೂ ಸಂಬಳ ಮತ್ತು ಮೇಲಧಿಕಾರಿಗಳು ಬೇರೆ ಬೇರೆಯಾಗಿದ್ದರೇ?

ದಫ್ತರ

ಕಾಯಂ ಸಿಪಾಯಿಗೆ 1790ರ ಕಾಯಿದೆಯ ಪ್ರಕಾರ ತಿಂಗಳಿಗೆ 3 ಡಾಲರ್. ಅದರಲ್ಲಿ ಬಟ್ಟೆಗೆಂದು 90 ಸೆಂಟ್, ಔಷಧೋಪಚಾರಕ್ಕೆಂದು 10 ಸೆಂಟ್ ಮುರಿದುಕೊಂಡರೆ ಕೈಗೆ ಸಿಗುವುದು 2 ಡಾಲರ್. ಈ ಸಂಬಳಕ್ಕೆ ಎಂಥವರು ಬರುತ್ತಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇರಿದವರಲ್ಲಿ ಬಹುಪಾಲು ಮಂದಿ ಊರುಗಳಲ್ಲಿ ಬೇರೆ ದಿಕ್ಕಿಲ್ಲದವರು.

ಮೇಲಧಿಕಾರದ ವಿಷಯ ಇನ್ನೂ ಮುಖ್ಯ. ಇಡೀ ದಂಡಿಗೆ ಮೇಜರ್ ಜನರಲ್ ಆಗಿದ್ದವರು ಸೇಂಟ್ ಕ್ಲೇರ್. ಅವರು ಅದೇ ಹೊತ್ತಿಗೆ ವಾಯವ್ಯ ಪ್ರಾಂತ್ಯದ ಗವರ್ನರ್ ಕೂಡ. ಅವರ ಕೆಳಗೆ ಎರಡನೆಯ ಸ್ಥಾನದಲ್ಲಿ ರಿಚರ್ಡ್ ಬಟ್ಲರ್. ಕರಾರಿನವರ ಎರಡು ರೆಜಿಮೆಂಟುಗಳಿಗೆ ವಿಲಿಯಂ ಡಾರ್ಕ್ ಮತ್ತು ಜಾರ್ಜ್ ಗಿಬ್ಸನ್ ಲೆಫ್ಟಿನೆಂಟ್ ಕರ್ನಲ್‌ಗಳು. ಕೆಂಟಕಿಯ ಮಿಲಿಷಿಯಾಕ್ಕೆ ವಿಲಿಯಂ ಓಲ್ಡಮ್. ಕೆಂಟಕಿ ಆಗಿನ್ನೂ ವರ್ಜೀನಿಯಾದ ಭಾಗವಾಗಿದ್ದು, ಅಲ್ಲಿ ಕರೆ ಬಂದಾಗ ಮಿಲಿಷಿಯಾವನ್ನು ಕೂಡಿಸಿ ಕಳುಹಿಸುವ ಜವಾಬ್ದಾರಿ ಪ್ರತಿ ಕೌಂಟಿಯ ಮಿಲಿಷಿಯಾ ಮುಖ್ಯಸ್ಥನದಾಗಿತ್ತು. ಕಾಯಂ ಸೈನ್ಯದ ಅಧಿಕಾರಿಗಳ ಕೆಳಗೆ, ಅದರಲ್ಲೂ ಕುದುರೆಯಿಲ್ಲದೆ ಕಾಲ್ನಡಿಗೆಯಲ್ಲಿ ದುಡಿಯುವುದು ಕೆಂಟಕಿಯವರಿಗೆ ಒಪ್ಪಿಗೆಯಾಗದ ಸಂಗತಿ. ಆದ್ದರಿಂದ ಅನೇಕರು ತಮ್ಮ ಬದಲಿಗೆ ಬೇರೆಯವರನ್ನು ಕಳುಹಿಸಿದರು.

ಅರೆಓದುಗ

ಮಾನ್ಯರು ಮಿಲಿಷಿಯಾದ ಬಗ್ಗೆ ಬಹಳ ಮೃದುವಾಗಿ ಬರೆಯುತ್ತಿದ್ದಾರೆಂದು ನನಗೆ ಅನ್ನಿಸುತ್ತದೆ. 1780ರ ಆಗಸ್ಟ್‌ನಲ್ಲಿ ಕ್ಯಾಮ್ಡನ್ ಎಂಬಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ನ ಸಿಪಾಯಿಗಳು ಸಂಗೀನು (ಬಂದೂಕಿನ ತುದಿಗೆ ಸಿಕ್ಕಿಸುವ ಬಾಕು) ಹಿಡಿದು ಮುನ್ನುಗ್ಗಿದ ಕೂಡಲೇ ವರ್ಜೀನಿಯಾ ಮತ್ತು ಉತ್ತರ ಕೆರೊಲಿನಾದ ಮಿಲಿಷಿಯಾ ಓಟಕಿತ್ತಿತು. ನಿಂತು ಹೋರಾಡಿ ಸತ್ತವರು ಮೇರಿಲ್ಯಾಂಡ್ ಮತ್ತು ಡೆಲವೇರ್‌ನ ಕಾಯಂ ಸೈನಿಕರು. ಮಿಲಿಷಿಯಾದವರು ಯಾವಾಗ ಬರುತ್ತಾರೋ ಯಾವಾಗ ಹೋಗುತ್ತಾರೋ ತಿಳಿಯದು, ದಾಸ್ತಾನನ್ನೆಲ್ಲ ತಿಂದು ಮುಗಿಸಿ ಇಕ್ಕಟ್ಟಿನ ಗಳಿಗೆಯಲ್ಲಿ ಕೈಕೊಡುತ್ತಾರೆ ಎಂಬ ಅರ್ಥದಲ್ಲಿ ವಾಷಿಂಗ್ಟನ್ ಅವರೇ 1776ರಲ್ಲಿ ಕಾಂಗ್ರೆಸ್ಸಿಗೆ ಬರೆದಿದ್ದಾರೆ. ವಾಬಾಶ್ ದಡದಲ್ಲೂ ಮೊದಲು ಓಡಿದವರು ಅವರೇ ಅಲ್ಲವೇ? ರಚನೆ ಎಂಬುದು ನೆಪ, ಮೂಲದಲ್ಲಿ ಇದ್ದದ್ದು ಶಿಸ್ತಿನ ಕೊರತೆ ಎಂದೇ ನನ್ನ ಅಭಿಪ್ರಾಯ.

ಕೆರೆದಂಡೆ

ಅರೆಓದುಗರ ಉದಾಹರಣೆ ಸರಿಯಾಗಿದೆ, ಆದರೆ ಕ್ಯಾಮ್ಡನ್ ಆದ ಐದೇ ತಿಂಗಳಿಗೆ ನಡೆದ ಇನ್ನೊಂದು ಯುದ್ಧವನ್ನು ಅವರು ಬಿಟ್ಟಿದ್ದಾರೆ. 1781ರ ಜನವರಿ 17ರಂದು ಕೌಪೆನ್ಸ್‌ನಲ್ಲಿ ಅಮೆರಿಕನ್ ಜನರಲ್ ಡೇನಿಯಲ್ ಮಾರ್ಗನ್ ಮಿಲಿಷಿಯಾದವರನ್ನು ಕಾಯಂ ಸೈನಿಕರ ಮುಂದೆ ನಿಲ್ಲಿಸಿ, ಎರಡು ಸಲ ಗುಂಡು ಹಾರಿಸಿದ ಮೇಲೆ ಹಿಂದೆ ಸರಿಯಬಹುದೆಂದು ಮೊದಲೇ ಹೇಳಿಟ್ಟಿದ್ದರು. ಅವರು ಹೇಳಿದಂತೆಯೇ ಮಾಡಿದರು. ಹಿಂದೆ ಸರಿಯುತ್ತಿದ್ದವರನ್ನು ನೋಡಿ ಗೆದ್ದೆವೆಂದು ಸಾಲು ಮುರಿದು ನುಗ್ಗಿದ ಬ್ರಿಟಿಷ್ ಅಧಿಕಾರಿ ಟಾರ್ಲ್‌ಟನ್‌ನ ಪಡೆ ಕಾಯಂ ಸೈನಿಕರ ಗೋಡೆಗೆ ಬಂದು ಅಪ್ಪಳಿಸಿ ನುಚ್ಚುನೂರಾಯಿತು. ಕ್ಯಾಮ್ಡನ್‌ನಲ್ಲಿ ಅಮೆರಿಕನ್ ಜನರಲ್ ಗೇಟ್ಸ್ ಮಿಲಿಷಿಯಾವನ್ನು ಸಂಗೀನಿಗೆ ಎದುರಾಗಿ ಸಾಲಿನಲ್ಲಿ ನಿಲ್ಲಿಸಿದರು. ಅವರಲ್ಲಿ ಬಹುತೇಕರಿಗೆ ಬಂದೂಕಿಗೆ ಸಂಗೀನು ಹಿಡಿಸಿ ಕಾದ ಅಭ್ಯಾಸವೇ ಇರಲಿಲ್ಲ. ಅದೇ ಬಗೆಯ ಜನ, ಅದೇ ದಕ್ಷಿಣದ ನೆಲ. ಬದಲಾದದ್ದು ಅವರಿಗೆ ಒಪ್ಪಿಸಿದ ಕೆಲಸ.

ದಫ್ತರ

ಕೆರೆದಂಡೆಯವರ ಮಾತನ್ನು ವಾಬಾಶ್ ಬಿಡಾರಕ್ಕೆ ಹೊಂದಿಸಿ ನೋಡೋಣ.

ಆ ರಾತ್ರಿ ಕಾಯಂ ಸೈನಿಕರು ಮತ್ತು ಕರಾರಿನವರು ಹೊಳೆಯ ಈಚೆಯ ದಿಬ್ಬದ ಮೇಲೆ ಎರಡು ಸಾಲುಗಳಲ್ಲಿ ಬೀಡುಬಿಟ್ಟರು. ಜಾಗ ಸಾಲದ ಕಾರಣ ಕೆಂಟಕಿಯ ಮಿಲಿಷಿಯಾವನ್ನು ಹೊಳೆ ದಾಟಿಸಿ ಆಚೆ ದಡದಲ್ಲಿ ಒಂಟಿಯಾಗಿ ಇರಿಸಲಾಯಿತು. ಸುತ್ತ ಮಣ್ಣಿನ ಒಡ್ಡಾಗಲಿ ಮರದ ಅಡೆತಡೆಯಾಗಲಿ ಕಟ್ಟಲಿಲ್ಲ. ನಸುಕಿನಲ್ಲಿ ಹೊಡೆತ ಬಿದ್ದದ್ದು ಮೊದಲು ಅವರ ಮೇಲೆ. ಅವರು ಹೊಳೆಯನ್ನು ಹಾಯ್ದು ಮುಖ್ಯ ಬಿಡಾರದ ಒಳಕ್ಕೇ ನುಗ್ಗಿ, ಅಲ್ಲಿ ಕಟ್ಟುತ್ತಿದ್ದ ಸಾಲುಗಳನ್ನೂ ಕದಡಿದರು. ಓಡಿದ್ದು ನಿಜ. ಆದರೆ ಕೌಪೆನ್ಸ್‌ನಲ್ಲಿ ಇದ್ದಂತೆ ಸರಿಯುವ ದಾರಿಯನ್ನೂ ಸರಿದು ಸೇರಬೇಕಾದ ಜಾಗವನ್ನೂ ಇಲ್ಲಿ ಯಾರೂ ಗೊತ್ತುಮಾಡಿರಲಿಲ್ಲ.

ಎರಡನೆಯದು, ಸುದ್ದಿ ಮೇಲಕ್ಕೆ ಹೋಗದಿದ್ದದ್ದು. ಹಿಂದಿನ ರಾತ್ರಿ ಕರಾರಿನವರ ಕ್ಯಾಪ್ಟನ್ ಜೇಕಬ್ ಸ್ಲೋ ಒಂದು ಸಣ್ಣ ತುಕಡಿಯೊಂದಿಗೆ ಕಾಡಿನೊಳಗೆ ಹೋಗಿ, ವೈರಿಗಳು ದೊಡ್ಡ ಸಂಖ್ಯೆಯಲ್ಲಿ ಓಡಾಡುತ್ತಿರುವುದನ್ನು ಕಂಡು ಬಂದರು. ಬೆಳಗ್ಗೆ ದಾಳಿಯಾಗಬಹುದೆಂದು ಓಲ್ಡಮ್ ಕೂಡ ಅವರಿಗೆ ಹೇಳಿದರು. ಸ್ಲೋ ಹೋಗಿ ಬಟ್ಲರ್‌ಗೆ ವರದಿ ಒಪ್ಪಿಸಿದರು. ಬಟ್ಲರ್ ಅದನ್ನು ಸೇಂಟ್ ಕ್ಲೇರ್‌ಗೆ ಮುಟ್ಟಿಸಲಿಲ್ಲ. ಇಬ್ಬರ ನಡುವೆ ಮಾತು ಹಳಸಿತ್ತು. ಸೇಂಟ್ ಕ್ಲೇರ್ ವಾತರೋಗದಿಂದ ನರಳುತ್ತಾ ಹಾಸಿಗೆ ಹಿಡಿದಿದ್ದರು. ಮರುದಿನ ಬಟ್ಲರ್, ಓಲ್ಡಮ್ ಇಬ್ಬರೂ ಯುದ್ಧದಲ್ಲೇ ಸತ್ತರು, ಗಿಬ್ಸನ್ ಅವರಿಗೂ ಮಾರಣಾಂತಿಕ ಗಾಯವಾಯಿತು.

ಮೂರನೆಯದನ್ನು ನಾನು ಎಲ್ಲಕ್ಕಿಂತ ಭಾರವಾದದ್ದೆಂದು ಎಣಿಸುತ್ತೇನೆ. ಅಕ್ಟೋಬರ್ ಕೊನೆಯಲ್ಲಿ ಸುಮಾರು 60 ಮಿಲಿಷಿಯಾದವರು ದಂಡು ಬಿಟ್ಟು ಹೊರಟಾಗ, ಅವರು ಹಿಂದೆ ಬರುತ್ತಿದ್ದ ರಸದಿನ (ಆಹಾರ ಸಾಮಗ್ರಿಯ) ಸಾಲನ್ನು ಲೂಟಿ ಮಾಡಿಯಾರೆಂದು ಹೆದರಿ, ಸೇಂಟ್ ಕ್ಲೇರ್ ತಮ್ಮಲ್ಲಿದ್ದ ಅತ್ಯಂತ ಅನುಭವಿಗಳಾದ ಒಂದನೆಯ ರೆಜಿಮೆಂಟಿನ ಸುಮಾರು 300 ಮಂದಿಯನ್ನು ಮೇಜರ್ ಹ್ಯಾಮ್‌ಟ್ರಾಮ್ಕ್ ಜೊತೆ ಹಿಂದಕ್ಕೆ ಕಳುಹಿಸಿದರು. ಯುದ್ಧದ ದಿನ ಆ ರೆಜಿಮೆಂಟ್ ಅಲ್ಲಿರಲೇ ಇಲ್ಲ. ಅಲ್ಲಿದ್ದ ಕಾಯಂ ಸೈನಿಕರೆಂದರೆ ಹೆಚ್ಚಾಗಿ ಅದೇ ವರ್ಷ ಭರ್ತಿಯಾದ ಎರಡನೆಯ ರೆಜಿಮೆಂಟಿನ ಹೊಸಬರು. ‘ಕಾಯಂ’ ಎಂಬ ಹಣೆಪಟ್ಟಿ ಹಚ್ಚಿದ ಮಾತ್ರಕ್ಕೆ ಅವರಿಗೂ ಮಿಲಿಷಿಯಾಕ್ಕೂ ಕವಾಯತಿನಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ.

ಒಹಾಯೋ ನಿವಾಸಿ

ಆ ಜಾಗ ಈಗ ಫೋರ್ಟ್ ರಿಕವರಿ ಎಂಬ ಸಣ್ಣ ಊರು. ವಾಬಾಶ್ ಹೆಸರು ಕೇಳಿ ದೊಡ್ಡ ನದಿಯನ್ನು ಕಲ್ಪಿಸಿಕೊಂಡು ಹೋದ ನನಗೆ ಸಿಕ್ಕಿದ್ದು ನಮ್ಮೂರ ಕಡೆಯ ಹಳ್ಳದಷ್ಟು ಅಗಲದ ನೀರು, ಏಕೆಂದರೆ ಅದು ನದಿಯ ಮೂಲಕ್ಕೆ ತೀರ ಹತ್ತಿರದ ಜಾಗ. ಹೊಳೆ ಆಚೆಯ ಮಿಲಿಷಿಯಾಕ್ಕೂ ಈಚೆಯ ಬಿಡಾರಕ್ಕೂ ಅದು ಯಾವ ರಕ್ಷಣೆಯನ್ನೂ ಕೊಡುವಂತಿರಲಿಲ್ಲ ಎಂಬುದು ಅಲ್ಲಿ ನಿಂತರೆ ತಾನೇ ಹೊಳೆಯುತ್ತದೆ.

ರಸದಿನ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಆಹಾರ ಒದಗಿಸುವ ಗುತ್ತಿಗೆ ವಿಲಿಯಂ ಡ್ಯೂರ್ ಎಂಬ ನ್ಯೂಯಾರ್ಕ್ ಸಟ್ಟಾ ವ್ಯಾಪಾರಿಯ ಕೈಯಲ್ಲಿತ್ತು. ಉಳಿದ ಸಾಮಗ್ರಿಗಳ ಹೊಣೆ ಕ್ವಾರ್ಟರ್ ಮಾಸ್ಟರ್ ಸ್ಯಾಮ್ಯುಯಲ್ ಹಾಜ್ಡನ್ ಅವರದು. ಬೇಸಿಗೆಯಲ್ಲೇ ಹೊರಡಬೇಕಿದ್ದ ದಂಡು ಸೆಪ್ಟೆಂಬರ್‌ವರೆಗೆ ಫೋರ್ಟ್ ವಾಷಿಂಗ್ಟನ್, ಅಂದರೆ ಈಗಿನ ಸಿನ್ಸಿನಾಟಿಯ ಸುತ್ತ ಕಾಯುತ್ತಾ ಕುಳಿತಿತು. ಕರಾರಿನವರಿಗೆ ಆರು ತಿಂಗಳ ಅವಧಿ ಭರ್ತಿಯಾದ ದಿನದಿಂದಲೇ ಎಣಿಕೆ. ಅಂದರೆ ತಡವಾದ ಪ್ರತಿ ವಾರವೂ ಅವರ ಸೇವೆಯಿಂದ ಕಳೆದುಹೋಗುತ್ತಿತ್ತು. ದಂಡು ಕಾಡಿನೊಳಗೆ ಮುಂದುವರಿಯುತ್ತಿದ್ದಾಗಲೇ ಅವಧಿ ಮುಗಿದವರು ಬಿಡುಗಡೆ ಕೇಳತೊಡಗಿದರು.

ಹಳೇಮೈಸೂರು

ಚರ್ಚೆಯನ್ನು ಬೇರೆಡೆಗೆ ಎಳೆಯುವ ಉದ್ದೇಶವಿಲ್ಲ, ಆದರೆ ಎರಡು ಸಣ್ಣ ಟಿಪ್ಪಣಿಗಳಿವೆ.

ಕ್ಯಾಮ್ಡನ್‌ನಲ್ಲಿ ಗೆದ್ದು, 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಅದೇ ಕಾರ್ನ್‌ವಾಲಿಸ್ 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊಸ್ತಿಲವರೆಗೆ ಬಂದು, ಮೇವಿಲ್ಲದೆ ಎತ್ತುಗಳು ಸತ್ತು, ಧಾನ್ಯ ಮುಗಿದು, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಸೇಂಟ್ ಕ್ಲೇರ್ ಅವರ ದಂಡು ರಸದಿಗಾಗಿ ಕಾಯುತ್ತಿದ್ದದ್ದೂ ಅದೇ ವರ್ಷ. ವ್ಯತ್ಯಾಸವೆಂದರೆ ಕಾರ್ನ್‌ವಾಲಿಸ್‌ನ ಸಿಪಾಯಿಗಳ ಕರಾರು ದಾರಿಯಲ್ಲಿ ಮುಗಿಯುವಂಥದಾಗಿರಲಿಲ್ಲ. ಆತ ಮುಂದಿನ ವರ್ಷ ಅದೇ ಸೈನ್ಯದೊಂದಿಗೆ ಮತ್ತೆ ಬಂದ.

ಎರಡನೆಯದು ‘ಮಿಲಿಷಿಯಾ’ ಎಂಬ ಪದದ ಬಗ್ಗೆ. ಮೈಸೂರು ಸಂಸ್ಥಾನದಲ್ಲಿ ಬೇಸಾಯ ಮಾಡಿಕೊಂಡಿದ್ದು ಕರೆ ಬಂದಾಗ ಕೋಟೆ ಕಾವಲಿಗೂ ಊರ ರಕ್ಷಣೆಗೂ ಸೇರುತ್ತಿದ್ದ ಸ್ಥಳೀಯ ಪಡೆಗೆ ‘ಕಂದಾಚಾರ’ ಎಂಬ ಹೆಸರಿತ್ತು. ಅರ್ಥದಲ್ಲಿ ಸಾಕಷ್ಟು ಹತ್ತಿರದ ಪದ, ಆದರೆ ಇಂದು ಕಂದಾಚಾರದ ಪಡೆ ಓಡಿತು ಎಂದು ಬರೆದರೆ ಓದುಗರು ಮೂಢನಂಬಿಕೆಯ ಬಗ್ಗೆ ಲೇಖನವೆಂದು ತಿಳಿದಾರು. ಆದ್ದರಿಂದ ‘ಮಿಲಿಷಿಯಾ’ ಎಂದೇ ಉಳಿಸಿಕೊಳ್ಳುವುದು ಕ್ಷೇಮ.

ತುಂಗಾತೀರ

ಹಳೇಮೈಸೂರು ಅವರ ಸಲಹೆ ಒಪ್ಪತಕ್ಕದ್ದೇ. ಮುಂದಿನ ಪ್ರಶ್ನೆ: ಸೋಲಿನ ನಂತರ ಕಾಂಗ್ರೆಸ್ ಏನು ಮಾಡಿತು? ಮಿಲಿಷಿಯಾವನ್ನು ಕೈಬಿಟ್ಟಿತೇ?

ಕೆರೆದಂಡೆ

ಕೈಬಿಡಲಿಲ್ಲ. 1792ರಲ್ಲಿ ಎರಡು ದಾರಿಗಳನ್ನೂ ಒಟ್ಟಿಗೇ ಹಿಡಿಯಿತು. ಮೊದಲು ಮಿಲಿಷಿಯಾದ ಕಾಯಿದೆಯನ್ನು ಹೇಳುತ್ತೇನೆ.

ಮಿಲಿಷಿಯಾವನ್ನು ಸಂಘಟಿಸುವ, ಶಸ್ತ್ರಸಜ್ಜಿತಗೊಳಿಸುವ ನಿಯಮ ಮಾಡುವುದು ಕಾಂಗ್ರೆಸ್ಸಿನ ಅಧಿಕಾರ. ಅಧಿಕಾರಿಗಳನ್ನು ನೇಮಿಸುವುದು ಮತ್ತು ತರಬೇತಿ ಕೊಡುವುದು ರಾಜ್ಯಗಳ ಅಧಿಕಾರ ಎಂದು ಸಂವಿಧಾನವೇ ಕೆಲಸವನ್ನು ಹಂಚಿತ್ತು. 1792ರ ಮೇ 8ರ ಕಾಯಿದೆಯ ಪ್ರಕಾರ 18ರಿಂದ 45 ವರ್ಷದೊಳಗಿನ ಪ್ರತಿಯೊಬ್ಬ ಸ್ವತಂತ್ರ, ದೃಢಕಾಯ, ಬಿಳಿಯ ಪುರುಷ ನಾಗರಿಕನ ಹೆಸರೂ ಮಿಲಿಷಿಯಾದ ಪಟ್ಟಿಯಲ್ಲಿ ಇರಬೇಕು. ಹೆಸರು ಸೇರಿದ ಆರು ತಿಂಗಳೊಳಗೆ ಆತ ತಾನೇ ಒಂದು ಒಳ್ಳೆಯ ಬಂದೂಕು, ಸಂಗೀನು ಮತ್ತು ಅದರ ಪಟ್ಟಿ, ಎರಡು ಬಿಡಿ ಚಕಮಕಿ ಕಲ್ಲು, ಬೆನ್ನುಚೀಲ, 24 ತೋಟಾಗಳಿಗೆ ಕಡಿಮೆಯಿಲ್ಲದ ತೋಟಾಚೀಲ ಹೊಂದಿಸಿಕೊಳ್ಳಬೇಕು. ರೈಫಲ್ ಇದ್ದವನಿಗೆ 20 ಗುಂಡು ಮತ್ತು ಕಾಲು ಪೌಂಡ್ ಮದ್ದು.

ಇದರ ಮೇಲೆ ಕಟ್ಟಿದ ಮಹಡಿಗಳು ಕಾಗದದ ಮೇಲೆ ಬಹಳ ಅಂದವಾಗಿದ್ದವು: 64 ಸಿಪಾಯಿಗಳಿಗೆ ಒಂದು ಕಂಪನಿ, ಐದು ಕಂಪನಿಗೆ ಒಂದು ಬೆಟಾಲಿಯನ್, ಎರಡು ಬೆಟಾಲಿಯನ್‌ಗೆ ಒಂದು ರೆಜಿಮೆಂಟ್, ನಾಲ್ಕು ರೆಜಿಮೆಂಟಿಗೆ ಒಂದು ಬ್ರಿಗೇಡ್. ಪ್ರತಿ ಕಂಪನಿಗೆ ಒಬ್ಬ ಕ್ಯಾಪ್ಟನ್, ಒಬ್ಬ ಲೆಫ್ಟಿನೆಂಟ್, ಒಬ್ಬ ಎನ್ಸೈನ್, ನಾಲ್ವರು ಸಾರ್ಜೆಂಟರು, ನಾಲ್ವರು ಕಾರ್ಪೊರಲ್‌ಗಳು, ತಮಟೆಯವನೊಬ್ಬ. ರಾಜ್ಯಕ್ಕೊಬ್ಬ ಅಡ್ಜುಟೆಂಟ್ ಜನರಲ್. ಆದರೆ ಬಂದೂಕು ಇಟ್ಟುಕೊಳ್ಳದವನಿಗೆ ಒಕ್ಕೂಟ ಸರ್ಕಾರ ವಿಧಿಸುವ ದಂಡವೇ ಕಾಯಿದೆಯಲ್ಲಿ ಇಲ್ಲ. ಅದೇ ತಿಂಗಳ 2ರ ಇನ್ನೊಂದು ಕಾಯಿದೆಯ ಪ್ರಕಾರ ಅಧ್ಯಕ್ಷರು ಮಿಲಿಷಿಯಾವನ್ನು ಕರೆಸಿಕೊಳ್ಳಬಹುದಿತ್ತು, ಆದರೆ ಯಾರನ್ನೂ ವರ್ಷದಲ್ಲಿ ಮೂರು ತಿಂಗಳಿಗಿಂತ ಹೆಚ್ಚು ದುಡಿಸುವಂತಿರಲಿಲ್ಲ. ವಾಬಾಶ್‌ನ ಅನುಭವ ಆದ ಮೇಲೂ ಹೀಗೆ ಬರೆದರೆಂಬುದು ನನಗೆ ಇಂದಿಗೂ ಆಶ್ಚರ್ಯ. ಮೇ 8ರ ಕಾಯಿದೆ 1903ರವರೆಗೆ ಜಾರಿಯಲ್ಲಿ ಉಳಿಯಿತು.

ದಫ್ತರ

ಎರಡನೆಯ ದಾರಿ ‘ಲೀಜನ್’. 1792ರ ಮಾರ್ಚ್ 5ರ ಕಾಯಿದೆ ಕಾಯಂ ಸೈನ್ಯವನ್ನು ಹಿಗ್ಗಿಸಿ, ಅದನ್ನು ತಮಗೆ ಸರಿಕಂಡಂತೆ ಜೋಡಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿತು. ಅದರಂತೆ ರೆಜಿಮೆಂಟ್ ಎಂಬ ಪದವನ್ನೇ ಬದಿಗಿಟ್ಟು, 1,280 ಜನರ ನಾಲ್ಕು ಉಪ ಲೀಜನ್‌ಗಳನ್ನು ಮಾಡಿದರು. ಒಟ್ಟು ಮಂಜೂರಾದ ಸಂಖ್ಯೆ 5,120. ಒಂದೊಂದು ಉಪ ಲೀಜನ್‌ನಲ್ಲೂ ಎರಡು ಬೆಟಾಲಿಯನ್ ಪದಾತಿ, ಒಂದು ಬೆಟಾಲಿಯನ್ ರೈಫಲ್ ಪಡೆ, ಒಂದು ತುಕಡಿ ಕುದುರೆ ಸವಾರರು, ಒಂದು ಕಂಪನಿ ಫಿರಂಗಿ. ಅಂದರೆ ಪ್ರತಿಯೊಂದೂ ಬೇರೆಯಾಗಿ ನಿಂತು ಕಾದಬಲ್ಲ ಪುಟ್ಟ ಸೈನ್ಯ. ಕಾಡಿನಲ್ಲಿ ದಂಡು ತುಂಡಾದರೂ ತುಂಡಿಗೊಂದು ಫಿರಂಗಿ, ತುಂಡಿಗಿಷ್ಟು ಕುದುರೆ ಉಳಿಯಬೇಕೆಂಬುದೇ ಇದರ ಹಿಂದಿನ ಲೆಕ್ಕ. ಮಂಜೂರಾದಷ್ಟು ಜನ ಎಂದೂ ತುಂಬಲಿಲ್ಲ ಎಂಬುದು ಬೇರೆ ಮಾತು.

ಮುಖ್ಯಸ್ಥರಾಗಿ ಬಂದ ಆಂಥನಿ ವೇನ್ ಅವರು ಈ ಜನರನ್ನು ಪಿಟ್ಸ್‌ಬರ್ಗ್‌ನ ಕೆಳಗೆ ಒಹಾಯೋ ನದಿಯ ದಡದಲ್ಲಿ ಲೀಜನ್‌ವಿಲ್ ಎಂಬ ಬಿಡಾರ ಹಾಕಿ 1792–93ರ ಚಳಿಗಾಲವಿಡೀ ಕವಾಯತು ಮಾಡಿಸಿದರು. ಗುರುತಿಗಾಗಿ ನಾಲ್ಕು ಉಪ ಲೀಜನ್‌ಗಳಿಗೂ ಟೋಪಿಯ ಅಂಚಿನಲ್ಲಿ ಬಿಳಿ, ಕೆಂಪು, ಹಳದಿ, ಹಸಿರು ಎಂದು ಬೇರೆ ಬೇರೆ ಬಣ್ಣ ಕೊಡಲಾಯಿತು. ದಂಡು ಮುಂದುವರಿದಾಗ ಪ್ರತಿ ಸಂಜೆ ಬಿಡಾರದ ಸುತ್ತ ಮರ ಕಡಿದು ಅಡ್ಡ ಕಟ್ಟುವುದು ಕಡ್ಡಾಯ. 1793ರ ಕೊನೆಯಲ್ಲಿ ಸೇಂಟ್ ಕ್ಲೇರ್ ಸೋತ ಜಾಗದಲ್ಲೇ ಕಟ್ಟಿಸಿದ ಕೋಟೆಯೇ ಒಹಾಯೋ ನಿವಾಸಿಯವರು ಹೇಳಿದ ಫೋರ್ಟ್ ರಿಕವರಿ.

ಈಗ ಅರೆಓದುಗರ ಪ್ರಶ್ನೆಗೆ ಬರುತ್ತೇನೆ. ವೇನ್ ಕೂಡ ಕೆಂಟಕಿಯವರನ್ನು ಕರೆದರು. ಚಾರ್ಲ್ಸ್ ಸ್ಕಾಟ್ ಅವರ ಕೈಕೆಳಗೆ ಸುಮಾರು 1,500 ಸ್ವಯಂಸೇವಕರು ಬಂದರು, ಆದರೆ ಈ ಸಲ ಕುದುರೆ ಏರಿ, ತಮ್ಮದೇ ಅಧಿಕಾರಿಗಳ ಕೆಳಗೆ, ಲೀಜನ್‌ನ ಸಾಲಿನೊಳಗೆ ಬೆರೆಯದೆ. 1794ರ ಆಗಸ್ಟ್ 20ರಂದು ಮಾಮೀ ನದಿಯ ಪಕ್ಕ, ಬಿರುಗಾಳಿಗೆ ಮರಗಳು ಉರುಳಿಬಿದ್ದಿದ್ದ ಫಾಲನ್ ಟಿಂಬರ್ಸ್ ಎಂಬಲ್ಲಿ ಲೀಜನ್‌ನ ಬಲಬದಿಗೆ ನದಿ, ಎಡಬದಿಗೆ ಮತ್ತು ಹಿಂದುಗಡೆ ಸ್ಕಾಟ್‌ರ ಸವಾರರು, ಎಲ್ಲರಿಗಿಂತ ಮುಂದೆ ಮೇಜರ್ ವಿಲಿಯಂ ಪ್ರೈಸ್ ಅವರ ಆಯ್ದ ಸವಾರರ ಬೆಟಾಲಿಯನ್. ಮೊದಲ ಗುಂಡು ತಿಂದವರು ಪ್ರೈಸ್‌ನವರು. ಅವರು ಹಿಂದಕ್ಕೆ ಓಡಿದರು. ಅವರ ಹಿಂದಿದ್ದ ಲೀಜನ್‌ನ ಮುಂಗಾವಲೂ ಅವರೊಂದಿಗೆ ಕದಡಿತು. ಅಲ್ಲಿಯವರೆಗೆ 1791ರ ಬೆಳಗ್ಗೆ ನಡೆದದ್ದೇ ಮತ್ತೊಮ್ಮೆ ನಡೆಯಿತು. ಆದರೆ ಅವರ ಹಿಂದೆ ಎರಡು ವರ್ಷ ಕವಾಯತು ಮಾಡಿದ ಎರಡು ಸಾಲುಗಳು ಮುರಿಯದೆ ನಿಂತಿದ್ದವು, ಸಂಗೀನು ಹಿಡಿದು ಮರಗಳ ನಡುವೆ ಮುನ್ನುಗ್ಗಿದವು. ವೇನ್ ಕಡೆ ಸತ್ತವರು 33 ಮಂದಿ. ಹಿಮ್ಮೆಟ್ಟಿದ ಮೂಲನಿವಾಸಿ ಯೋಧರಿಗೆ ಹತ್ತಿರದ ಫೋರ್ಟ್ ಮಯಾಮಿಯಲ್ಲಿದ್ದ ಬ್ರಿಟಿಷರು ಬಾಗಿಲು ತೆರೆಯಲಿಲ್ಲ.

ಅರೆಓದುಗ

ಪ್ರೈಸ್‌ನವರು ಓಡಿದ ಸಂಗತಿ ನನಗೆ ಹೊಸದು. ಹಾಗಾದರೆ ನನ್ನ ಮಾತನ್ನು ತಿದ್ದಿಕೊಳ್ಳಬೇಕಾಗುತ್ತದೆ. ಮುಂದಿನವರು ಓಡುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ವೇನ್ ಸಾಲು ಕಟ್ಟಿದ್ದರೆಂದು ಕಾಣುತ್ತದೆ. ಆದರೂ ಕವಾಯತಿಲ್ಲದೆ ಆ ಸಾಲು ನಿಲ್ಲುತ್ತಿರಲಿಲ್ಲ ಎಂಬ ಅರ್ಧ ವಾದವನ್ನು ನಾನು ಬಿಟ್ಟುಕೊಡುವುದಿಲ್ಲ. ಅದೇ 1794ರಲ್ಲಿ ಪೆನ್ಸಿಲ್ವೇನಿಯಾದ ವಿಸ್ಕಿ ತೆರಿಗೆ ದಂಗೆಯನ್ನು ಅಡಗಿಸಲು ನಾಲ್ಕು ರಾಜ್ಯಗಳಿಂದ 12,950 ಮಿಲಿಷಿಯಾದವರನ್ನು ಕರೆಸಲಾಯಿತು; ಎದುರಿಸುವವರೇ ಇಲ್ಲದ ಕಾರಣ ಅವರ ಪರೀಕ್ಷೆ ನಡೆಯಲಿಲ್ಲ.

ದಫ್ತರ

ಆ ಅರ್ಧವನ್ನು ನಾನೂ ಒಪ್ಪುತ್ತೇನೆ. ಲೀಜನ್ 1796ರಲ್ಲಿ ರದ್ದಾಗಿ, ಸೈನ್ಯ ಮತ್ತೆ ನಾಲ್ಕು ಪದಾತಿ ರೆಜಿಮೆಂಟುಗಳಿಗೆ ಮರಳಿತು. ಆದರೆ ವೇನ್ ಅವರ ಬಳಿ ಯುವ ಸಹಾಯಕನಾಗಿದ್ದ ವಿಲಿಯಂ ಹೆನ್ರಿ ಹ್ಯಾರಿಸನ್ 1811ರ ನವೆಂಬರ್‌ನಲ್ಲಿ ಟಿಪ್ಪೆಕನೂ ಎಂಬಲ್ಲಿ ಸುಮಾರು ಸಾವಿರ ಮಂದಿಯೊಂದಿಗೆ ಬೀಡುಬಿಟ್ಟಾಗ ಮಿಲಿಷಿಯಾವನ್ನು ಹೊಳೆಯ ಆಚೆ ಇರಿಸಲಿಲ್ಲ. ಮುಂದಿನ ಸಾಲಿನಲ್ಲೂ ಹಿಂದಿನ ಸಾಲಿನಲ್ಲೂ ಕಾಯಂ ಪದಾತಿಯ ಒಂದೊಂದು ಬೆಟಾಲಿಯನ್ನಿನ ಮಗ್ಗುಲಿಗೇ ಇಂಡಿಯಾನಾ ಮಿಲಿಷಿಯಾದ ಕಂಪನಿಗಳನ್ನು ಜೋಡಿಸಿ, ಎಲ್ಲರೂ ಬಟ್ಟೆ ಬಿಚ್ಚದೆ, ಬಂದೂಕನ್ನು ಪಕ್ಕದಲ್ಲೇ ಇಟ್ಟುಕೊಂಡು, ಎದ್ದರೆ ನಿಲ್ಲಬೇಕಾದ ಜಾಗದಲ್ಲೇ ಮಲಗಬೇಕೆಂದು ಆಜ್ಞೆ ಮಾಡಿದ್ದರು. ನಸುಕಿಗೆ ಮುಂಚೆ ದಾಳಿಯಾದಾಗ ಸಾಲು ಅಲ್ಲಲ್ಲಿ ಬಾಗಿತು, ಒಡೆಯಲಿಲ್ಲ.